ಟಾಟಾ ಇನ್‌ಸ್ಟಿಟ್ಯೂಟಿನ ಗೇಟು ಮತ್ತು ನನ್ನ ಮಗಳು

ಆರ್.ಟಿ. ನಗರದ ನಮ್ಮ ಮನೆಯಿಂದ ಯಶವಂತಪುರದ ನನ್ನ ಬ್ಯಾಂಕ್ ಶಾಖೆಗೆ ಹೋಗುವ ದಾರಿ ಮೇಖ್ರಿ ವೃತ್ತವನ್ನು ಹಾದು ಸಿ.ವಿ. ರಾಮನ್ ರಸ್ತೆಗೆ ಸೇರುತ್ತದೆ. ಆ ರಸ್ತೆಯುದ್ದಕ್ಕೂ ಜೊತೆಗೆ ಬರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಕಾಂಪೌಂಡು ಗೋಡೆ, ಅದರಾಚೆಯ ದಟ್ಟ ಮರಗಳು. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಮಗಳಿಗೆ ಏಳು ವರ್ಷವಿದ್ದಾಗ ಒಂದು ಭಾನುವಾರ ಅದರ ಗೇಟಿನೆದುರು ಸ್ಕೂಟರ್ ನಿಲ್ಲಿಸಿ, ‘ನೋಡು ಪುಟ್ಟಿ, ನೀನು ಓದಬೇಕಾದದ್ದು ಇಲ್ಲಿ’ ಎಂದಿದ್ದೆ. ಅವಳು ಮರಗಳನ್ನೇ ದಿಟ್ಟಿಸುತ್ತಾ, ‘ಇದು ಪಾರ್ಕಾ ಅಪ್ಪ?’ ಎಂದು ಕೇಳಿದ್ದಳು. ನಾನು ನಕ್ಕಿದ್ದೆ. ಆ ಪ್ರಶ್ನೆಯಲ್ಲೇ ಅವಳ ಉತ್ತರವೂ ಇತ್ತೆಂಬುದು ನನಗೆ ಹೊಳೆದದ್ದು ಹತ್ತು ವರ್ಷಗಳ ನಂತರ.

ಈ ಹತ್ತು ವರ್ಷಗಳಲ್ಲಿ ಆ ಗೇಟನ್ನು ನಾನು ಅವಳಿಗೆ ಎಷ್ಟು ಸಲ ತೋರಿಸಿದೆನೋ ಲೆಕ್ಕವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶೇ 96 ಅಂಕ ಬಂದಾಗಲಂತೂ ಗೇಟು ಅರ್ಧ ತೆರೆದೇಬಿಟ್ಟಿತೆಂದು ಮನೆಮಂದಿಯೆಲ್ಲ ನಂಬಿದೆವು. ಪಿಯುಸಿ ಮತ್ತು ಜೆಇಇ ಕೋಚಿಂಗ್ ಎರಡನ್ನೂ ಒಂದೇ ಸೂರಿನಡಿ ಕೊಡುವ ಕಾಲೇಜೊಂದಕ್ಕೆ ಅವಳನ್ನು ಸೇರಿಸಿದೆ. ಬೆಳಗಿನ ಆರಕ್ಕೆ ವ್ಯಾನು, ರಾತ್ರಿ ಎಂಟಕ್ಕೆ ಮನೆ. ವಾರಕ್ಕೊಮ್ಮೆ ಪರೀಕ್ಷೆ, ಪರೀಕ್ಷೆ ಮುಗಿದ ಸಂಜೆ ಅವಳ ಸ್ಥಾನ ನನ್ನ ಮೊಬೈಲಿಗೆ. ಅವಳು ಮನೆ ಮುಟ್ಟುವ ಮೊದಲೇ ಅವಳ ಸೋಲು ಮನೆ ಮುಟ್ಟಿರುತ್ತಿತ್ತು. ಊಟದ ತಟ್ಟೆಯ ಮುಂದೆ ನಾನು ಏನೂ ಕೇಳುತ್ತಿರಲಿಲ್ಲ. ಆದರೆ ಕೇಳದೆ ಸುಮ್ಮನಿರುವುದೂ ಒಂದು ಬಗೆಯ ಕೇಳುವಿಕೆಯೇ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ದ್ವಿತೀಯ ಪಿಯುಸಿಯ ನಡುವೆ ಒಂದು ರಾತ್ರಿ ಅವಳು ಬಾಗಿಲ ಬಳಿ ನಿಂತು ಕೇಳಿದಳು: ‘ಅಪ್ಪ, ನಂಗೆ ಸೀಟು ಸಿಗದೇ ಇದ್ರೆ ನೀವು ಆಫೀಸಿಗೆ ಬೇರೆ ದಾರೀಲಿ ಹೋಗ್ತೀರಾ?’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೇಳು ವರ್ಷದ ಹುಡುಗಿ ತನ್ನ ಭವಿಷ್ಯದ ಬಗ್ಗೆ ಚಿಂತಿಸುತ್ತಿರಲಿಲ್ಲ, ನನ್ನ ಅವಮಾನದ ಬಗ್ಗೆ ಚಿಂತಿಸುತ್ತಿದ್ದಳು. ತಂದೆಯ ಮುಖಭಂಗವನ್ನು ತಪ್ಪಿಸುವ ಹೊಣೆಯನ್ನು ಅವಳ ಹೆಗಲಿಗೆ ಹೊರಿಸಿದವನು ನಾನೇ.

ಬ್ಯಾಂಕಿನಲ್ಲಿ ನನ್ನ ಕೆಲಸ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು. ಅರ್ಜಿದಾರನ ಶಕ್ತಿ, ಯೋಜನೆಯ ಸಾಧ್ಯತೆ, ನಷ್ಟವಾದರೆ ತಡೆದುಕೊಳ್ಳುವ ತಾಕತ್ತು – ಇವನ್ನೆಲ್ಲ ಅಳೆಯದೆ ನಾನು ಸಹಿ ಹಾಕುವವನಲ್ಲ. ಆದರೆ ಮಗಳ ವಿಚಾರದಲ್ಲಿ ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಆ ರಾತ್ರಿ ಹಾಕಿದೆ. ಇಲ್ಲಿ ಕೊಡುತ್ತಿರುವುದು ಅನಂತರ ಸಿಕ್ಕ 2025ರ ಅಂಕಿಗಳು. ಹಿಂದಿನ ವರ್ಷದವೂ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಹೆಚ್ಚು. ಮುಂದಿನ ಹಂತವಾದ ಅಡ್ವಾನ್ಸ್‌ಡ್ ಪರೀಕ್ಷೆಗೆ ಅರ್ಹರಾಗುವವರು ಸುಮಾರು ಎರಡೂವರೆ ಲಕ್ಷ. ದೇಶದ 23 ಐಐಟಿಗಳಲ್ಲಿ ಇರುವ ಸೀಟುಗಳು 18 ಸಾವಿರದ ಆಸುಪಾಸು. ಅಂದರೆ ಪರೀಕ್ಷೆ ಬರೆಯುವ ಎಂಬತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಇನ್ನು ನಾನು ಬೆರಳು ತೋರಿದ ಟಾಟಾ ಇನ್‌ಸ್ಟಿಟ್ಯೂಟ್? 1909ರಲ್ಲಿ ಸ್ಥಾಪನೆಯಾದ, ಮೈಸೂರು ಮಹಾರಾಜರು 371 ಎಕರೆ ಭೂಮಿ ಕೊಟ್ಟ ಆ ಸಂಸ್ಥೆ ಮುಖ್ಯವಾಗಿ ಸಂಶೋಧನೆಗೆ ಮೀಸಲಾದದ್ದು. ಪಿಯುಸಿ ಮುಗಿಸಿದವರಿಗಾಗಿ ನಾಲ್ಕು ವರ್ಷಗಳ ವಿಜ್ಞಾನ ಪದವಿ ಅಲ್ಲಿ ಶುರುವಾದದ್ದೇ 2011ರಲ್ಲಿ, ಅದೂ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಸೀಟುಗಳೊಂದಿಗೆ. ವೈದ್ಯಕೀಯದ ಕಥೆಯೂ ಹೀಗೆಯೇ: 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಚಿಲ್ಲರೆ. ಇಂಥ ಯೋಜನೆಯ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನು ಸಾಲ ಮಂಜೂರು ಮಾಡುತ್ತಿದ್ದೆನೆ?

ಹಾಗಾದರೆ ಲೆಕ್ಕ ಬಲ್ಲ ತಂದೆತಾಯಿಗಳೇ ಹೀಗೆ ಲೆಕ್ಕ ತಪ್ಪುವುದೇಕೆ? ನನ್ನ ಮಟ್ಟಿಗೆ ಕಾರಣ ಹಳೆಯದು. ನಾನು ಪಿಯುಸಿ ಮುಗಿಸಿದ್ದು 1993ರಲ್ಲಿ. ಆಗ ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟೆಂದರೆ ಕ್ಯಾಪಿಟೇಷನ್ ಎಂಬ ಪದ ಜೊತೆಗೇ ಬರುತ್ತಿತ್ತು. ನಮ್ಮ ರಾಜ್ಯದ್ದೇ ಆದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಈ ಪಿಡುಗನ್ನು ತರಾಟೆಗೆ ತೆಗೆದುಕೊಂಡಿತು. 1994ರಲ್ಲಿ ಸಿಇಟಿ ಬಂತು. ನನ್ನ ಪಾಲಿಗೆ ಅದು ಒಂದು ವರ್ಷ ತಡವಾಗಿತ್ತು. ಎರಡು ಎಕರೆ ಖುಷ್ಕಿ ಜಮೀನಿದ್ದ ಅಪ್ಪ ಎಂಜಿನಿಯರಿಂಗ್ ಸೀಟು ಕೊಳ್ಳುವಂತಿರಲಿಲ್ಲ. ಬಿ.ಎಸ್ಸಿ. ಓದಿ, ಬ್ಯಾಂಕ್ ಪರೀಕ್ಷೆ ಬರೆದು, ಬದುಕು ಕಟ್ಟಿಕೊಂಡೆ. ಅದು ಕೆಟ್ಟ ಬದುಕೇನೂ ಅಲ್ಲ. ಆದರೂ ಒಳಗೆಲ್ಲೋ ಒಂದು ಬಾಕಿ ಉಳಿದಿತ್ತು. ಅದನ್ನು ನಾನು ಮಗಳ ಖಾತೆಗೆ ವರ್ಗಾಯಿಸಿದೆ. ನಮ್ಮ ಪೀಳಿಗೆಯ ಅನೇಕ ಮಧ್ಯಮವರ್ಗದ ಮನೆಗಳಲ್ಲಿ ನಡೆದಿರುವುದು ಇದೇ. ಸೀಟುಗಳ ಬರಗಾಲದಲ್ಲಿ ಹುಟ್ಟಿದ ಭಯವನ್ನು, ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಂಜಿನಿಯರಿಂಗ್ ಸೀಟುಗಳಿರುವ ಈ ಕಾಲಕ್ಕೂ ಹೊತ್ತು ತಂದಿದ್ದೇವೆ. ಅಂದು ‘ಒಂದು ಸೀಟು ಸಿಕ್ಕರೆ ಸಾಕು’ ಎನ್ನುತ್ತಿದ್ದವರು ಇಂದು ‘ಅದೇ ಸೀಟು ಸಿಗಬೇಕು’ ಎನ್ನುತ್ತಿದ್ದೇವೆ.

ವಿಪರ್ಯಾಸವೆಂದರೆ, ಈ ಹಟವನ್ನು ಸುಳ್ಳು ಮಾಡುವ ಸಾಕ್ಷ್ಯಗಳು ನಮ್ಮ ಉತ್ತರ ಬೆಂಗಳೂರಿನಲ್ಲೇ ಬೇಕಾದಷ್ಟಿವೆ. ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದ ಸಿ.ಎನ್.ಆರ್. ರಾವ್ ಅವರು ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರು. ಪೀಣ್ಯದ ಇಸ್ರೊ ಕೇಂದ್ರದಿಂದ 2023ರ ಆಗಸ್ಟ್ 23ರಂದು ಚಂದ್ರಯಾನ-3 ಅನ್ನು ಚಂದ್ರನ ಮೇಲೆ ಇಳಿಸಿದ ತಂಡದ ಯೋಜನಾ ನಿರ್ದೇಶಕ ವೀರಮುತ್ತುವೇಲ್ ಅವರು ಓದು ಆರಂಭಿಸಿದ್ದು ಪಾಲಿಟೆಕ್ನಿಕ್ ಡಿಪ್ಲೊಮಾದಿಂದ. ಐಐಟಿಯ ಮೆಟ್ಟಿಲು ಹತ್ತಿದ್ದು ಪಿಎಚ್‌.ಡಿ. ಹಂತದಲ್ಲಿ. ಎನ್.ಆರ್. ನಾರಾಯಣಮೂರ್ತಿ ಅವರು ಎಂಜಿನಿಯರಿಂಗ್ ಪದವಿ ಪಡೆದದ್ದು ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ. ಕಾನ್ಪುರದ ಐಐಟಿಗೆ ಹೋದದ್ದು ಅನಂತರ, ಸ್ನಾತಕೋತ್ತರ ಓದಿಗೆ. ಹದಿನೆಂಟನೆಯ ವಯಸ್ಸಿನಲ್ಲಿ ತೆರೆಯದ ಬಾಗಿಲು ಇಪ್ಪತ್ತೆರಡರಲ್ಲಿ ತೆರೆಯಬಹುದು ಎಂಬುದಕ್ಕೆ ಇವರು ನಿದರ್ಶನ. ಆದರೆ ಒಂದು ಎಚ್ಚರಿಕೆ: ಈ ದೊಡ್ಡ ಹೆಸರುಗಳನ್ನೂ ಮಕ್ಕಳ ಮುಂದೆ ಹೊಸ ಅಳತೆಗೋಲಾಗಿ ನೆಡಬಾರದು. ‘ಐಐಟಿ ಬೇಡ, ಸಿ.ಎನ್.ಆರ್. ರಾವ್ ಆಗು ಸಾಕು’ ಎನ್ನುವ ತಂದೆ ಭಾರ ಇಳಿಸಿದವನಲ್ಲ, ಬದಲಿಸಿದವನು.

ಅಳತೆಗೋಲಿನ ಮಾತು ಬಂದಾಗ ಇನ್ನೊಂದು ಸಂಗತಿ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷ ನೀಟ್‌ನಲ್ಲಿ 1,563 ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕ ಹಿಂಪಡೆದು ಮರುಪರೀಕ್ಷೆಗೆ ಅವಕಾಶ ನೀಡಲಾಯಿತು. ಮನುಷ್ಯರು ರೂಪಿಸಿದ ಪರೀಕ್ಷೆಗಳು ಮನುಷ್ಯರಂತೆಯೇ ಎಡವುತ್ತವೆ. ಅವುಗಳ ಫಲಿತಾಂಶವನ್ನು ಮಗುವಿನ ಯೋಗ್ಯತೆಯ ಕುರಿತ ಕೊನೆಯ ತೀರ್ಪೆಂದು ಒಪ್ಪುವುದು ವಿವೇಕವಲ್ಲ.

ಮಗಳ ಆ ಪ್ರಶ್ನೆಯ ಮಾರನೆಯ ಭಾನುವಾರ ಯಲಹಂಕದಿಂದ ನನ್ನ ಹೆಂಡತಿಯ ಅಣ್ಣನನ್ನು ಕರೆಸಿದೆವು. ಅವರು ಪದವಿಪೂರ್ವ ಕಾಲೇಜಿನ ಉಪನ್ಯಾಸಕರು. ತಂದೆಯ ಎದುರು ಬಾಯಿ ಬಿಡದ ಮಕ್ಕಳು ಸೋದರಮಾವನ ಎದುರು ಬಿಡುತ್ತಾರೆ. ಅವರು ನನಗೆ ಉಪದೇಶ ಮಾಡಲಿಲ್ಲ. ಒಂದು ಹಾಳೆಯನ್ನು ಮೂರು ಭಾಗ ಮಾಡಿ ಮಗಳ ಕೈಗೆ ಕೊಟ್ಟರು: ‘ಸಿಕ್ಕರೆ ಸಂತೋಷ’, ‘ಸಿಗಬಹುದು’, ‘ಖಂಡಿತ ಸಿಗುತ್ತದೆ’. ಪ್ರತಿ ಭಾಗದಲ್ಲೂ ತಾನು ಮನಸಾರೆ ಓದಬಲ್ಲ ಒಂದೆರಡು ಕೋರ್ಸು ಬರೆಯಬೇಕು. ಬರೆಯುವಾಗ ಅಪ್ಪ ಅಮ್ಮ ಕೋಣೆಯಲ್ಲಿ ಇರಬಾರದು. ಅರ್ಧ ಗಂಟೆಯ ನಂತರ ಹಾಳೆ ನೋಡಿದೆ. ಮೊದಲ ಭಾಗದಲ್ಲಿ ನನ್ನ ಮೇಲಿನ ಕರುಣೆಯಿಂದಲೋ ಏನೋ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಎರಡನೆಯದರಲ್ಲಿ ಜಿಕೆವಿಕೆಯ ಕೃಷಿ ಪದವಿ. ಮೂರನೆಯದರಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ.

ಆ ಹಾಳೆಯಿಂದ ಕೆಲವು ಬದಲಾವಣೆಗಳಾದವು. ವಾರದ ಪರೀಕ್ಷೆಯ ಸಂದೇಶ ನನ್ನ ಮೊಬೈಲಿಗೆ ಬರುವುದನ್ನು ನಿಲ್ಲಿಸಿದೆವು. ಹೇಳಬೇಕೆನಿಸಿದರೆ ಅವಳೇ ಹೇಳಲಿ ಎಂದು. ಭಾನುವಾರದ ತರಗತಿ ಬಿಡಿಸಿದೆವು. ಜೆಇಇ ಗುಂಗಿನಲ್ಲಿ ಮೂಲೆ ಸೇರಿದ್ದ ಪಿಯುಸಿ ಪಠ್ಯಪುಸ್ತಕಗಳು ಮತ್ತೆ ಮೇಜಿಗೆ ಬಂದವು. ನಮ್ಮ ರಾಜ್ಯದ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕಗಳಿಗೂ ಅರ್ಧ ಪಾಲು ಇದೆ ಎಂಬುದನ್ನು ದೂರದ ಬೆಟ್ಟ ನೋಡುತ್ತಾ ಕೂತ ನನ್ನಂಥವರು ಮರೆತೇಬಿಡುತ್ತೇವೆ.

ಇದೇ ಇಕ್ಕಟ್ಟಿನಲ್ಲಿರುವ ಮಕ್ಕಳು ಈ ಪುಟ ಓದುತ್ತಿದ್ದರೆ ಅವರಿಗೆ ಎರಡು ಮಾತು. ತಂದೆತಾಯಿಯ ನಿರೀಕ್ಷೆಗೆ ಎದುರಾಗಿ ಜಗಳಕ್ಕೆ ಇಳಿಯುವುದಕ್ಕಿಂತ ಅವರ ಮುಂದೆ ಅಂಕಿಸಂಖ್ಯೆ ಇಡಿ. ಸೀಟುಗಳೆಷ್ಟು, ಬರೆಯುವವರೆಷ್ಟು, ನಿಮ್ಮ ಅಭ್ಯಾಸ ಪರೀಕ್ಷೆಗಳ ಅಂಕ ಎಷ್ಟು. ಒಬ್ಬರೇ ಹೇಳಲಾಗದಿದ್ದರೆ ಮನೆಯವರು ಗೌರವಿಸುವ ಹಿರಿಯರೊಬ್ಬರನ್ನು, ಮೇಷ್ಟರನ್ನು ಜೊತೆಗೆ ಕರೆದುಕೊಳ್ಳಿ. ಮನಸ್ಸು ಕುಸಿಯುತ್ತಿದೆ ಎನಿಸಿದರೆ ಒಳಗೇ ಇಟ್ಟುಕೊಳ್ಳಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಬೆನ್ನೆಲುಬು; 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ ಮಾತನಾಡಬಹುದು.

ಹೆತ್ತವರಿಗೆ ಹೇಳಬೇಕಾದ್ದು ಇನ್ನೂ ಇದೆ. ಹದಿನಾರು ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕಾಪಾಡಲು ಶಿಕ್ಷಣ ಸಂಸ್ಥೆಗಳು ಏನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ನೀಡಿತು. ಎರಡೂ ಸ್ವಾಗತಾರ್ಹ. ಆದರೆ ಊಟದ ಮನೆಯ ಮೌನಕ್ಕೆ ಯಾವ ಸರ್ಕಾರವೂ ಮಾರ್ಗಸೂಚಿ ಹೊರಡಿಸಲಾರದು. ಮಕ್ಕಳ ಮೇಲೆ ನಿರೀಕ್ಷೆ ಇಟ್ಟುಕೊಳ್ಳುವುದು ತಪ್ಪಲ್ಲ. ನಿರೀಕ್ಷೆಯೇ ಇಲ್ಲದ ಮನೆಯಲ್ಲಿ ಮಗು ಅನಾಥ. ನಿರೀಕ್ಷೆ ಯಾವಾಗ ಪ್ರೀತಿಯ ಷರತ್ತಾಗಿ ಬದಲಾಗುತ್ತದೆಯೋ ಆಗ ಕೇಡು ಶುರುವಾಗುತ್ತದೆ.

2025ರ ಫಲಿತಾಂಶದಲ್ಲಿ ಮಗಳು ಜೆಇಇ ಅಡ್ವಾನ್ಸ್‌ಡ್‌ಗೆ ಅರ್ಹಳಾಗಲಿಲ್ಲ. ಸಿಇಟಿ ಕೈಹಿಡಿಯಿತು, ಜಿಕೆವಿಕೆಯಲ್ಲಿ ಸೀಟು ದೊರೆಯಿತು. ಇಲ್ಲಿಗೆ ನಾನು ಬದಲಾದೆ ಎಂದು ಬರೆದರೆ ಸುಳ್ಳಾದೀತು. ಆ ವಾರ ನಡೆದ ಮದುವೆಯೊಂದರಲ್ಲಿ ಹಳೆಯ ಸಹೋದ್ಯೋಗಿ, ‘ಮಗಳದು ಏನಾಯ್ತು ಸಾರ್?’ ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಉತ್ತರ: ‘ಮುಂದಿನ ವರ್ಷ ಇನ್ನೊಂದ್ಸಲ ಬರೀತಾಳೆ’. ಅವಳು ಪಕ್ಕದಲ್ಲೇ ನಿಂತಿದ್ದಳು. ಏನೂ ಹೇಳದೆ ಪಾನಕದ ಲೋಟ ಹಿಡಿದು ಆಚೆ ಹೋದಳು. ಮನೆಗೆ ಮರಳಿದ ಮೇಲೆ ಮಗಳ ಕ್ಷಮೆ ಕೇಳಿದೆ. ‘ಆ ಅಂಕಲ್‌ಗೆ ಫೋನ್ ಮಾಡಿ ನಿಜ ಹೇಳಿ ಅಪ್ಪ’ ಎಂದಳು. ಮಾಡಿದೆ. ಅವರು ‘ಅಯ್ಯೋ, ಒಳ್ಳೇದೇ ಆಯ್ತಲ್ಲ ಸಾರ್, ನಮ್ಮ ಜಮೀನು ನೋಡ್ಕೊಳ್ಳೋಕೆ ಯಾರಿಗೂ ಗೊತ್ತಿಲ್ಲ’ ಎಂದರು. ನಾನು ಅಂಜಿದ್ದ ಆ ಲೋಕ ಇಷ್ಟೇ ಆಗಿತ್ತು.

ಈಗ ಬಿಡುವಿನ ದಿನಗಳಲ್ಲಿ ಕೆಲವೊಮ್ಮೆ ಅವಳನ್ನು ಕರೆತರಲು ಹೆಬ್ಬಾಳದ ಮೇಲ್ಸೇತುವೆ ದಾಟಿ ಜಿಕೆವಿಕೆಗೆ ಹೋಗುತ್ತೇನೆ. ಹೊಲಗಳ ನಡುವಿನ ರಸ್ತೆಯಲ್ಲಿ ನಡೆಯುತ್ತಾ ರಾಗಿಯ ತಳಿಗಳ ಬಗ್ಗೆ, ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರ ಬಗ್ಗೆ ಅವಳು ನನಗೆ ಪಾಠ ಹೇಳುತ್ತಾಳೆ. ಹುಟ್ಟಿನಿಂದ ಮುದ್ದೆ ತಿಂದ ನನಗೆ ಅದೊಂದೂ ತಿಳಿದಿರಲಿಲ್ಲ.

ಆಫೀಸಿಗೆ ನಾನು ಇಂದಿಗೂ ಅದೇ ಸಿ.ವಿ. ರಾಮನ್ ರಸ್ತೆಯಲ್ಲೇ ಹೋಗುತ್ತೇನೆ. ಸಿಗ್ನಲ್ಲಿನಲ್ಲಿ ನಿಂತಾಗ ಗೋಡೆಯಾಚೆಯ ಮರಗಳು ಕಾಣುತ್ತವೆ. ಅವುಗಳ ಹೆಸರುಗಳನ್ನು ಮಗಳು ಒಂದೊಂದಾಗಿ ಕಲಿಸುತ್ತಿದ್ದಾಳೆ.