ಮನೆಯಲ್ಲೇ ಐಎನ್‌ಆರ್ ಪರೀಕ್ಷೆ

ಯಾಂತ್ರಿಕ ಹೃದಯ ಕವಾಟ ಹಾಕಿಸಿಕೊಂಡವರು ಬದುಕಿರುವಷ್ಟು ಕಾಲವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಇಲ್ಲವೇ ಅಸಿಟ್ರೋಮ್ ಮಾತ್ರೆ ನುಂಗಬೇಕಾಗುತ್ತದೆ. ಪ್ರಮಾಣ ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಹೆಚ್ಚಾದರೆ ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವವಾಗಬಹುದು. ಪ್ರಮಾಣ ಸರಿಯಿದೆಯೇ ಎಂದು ಹೇಳುವ ಅಂಕಿ ಐಎನ್‌ಆರ್. ಈ ಮಾತ್ರೆ ನುಂಗದವರಲ್ಲಿ ಅದು 1ರ ಆಸುಪಾಸು. ಮಹಾಪಧಮನಿಯ ಕವಾಟ ಬದಲಾಗಿದ್ದರೆ ಸಾಮಾನ್ಯ ಗುರಿ 2ರಿಂದ 3, ಮೈಟ್ರಲ್ ಕವಾಟವಾದರೆ 2.5ರಿಂದ 3.5.

ಈ ಪರೀಕ್ಷೆಗೆಂದು ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹೃದ್ರೋಗಿಗಳು ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೋ ಹೋಗುವುದುಂಟು. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿ.ಮೀ. ಅಂಚೆಟ್ಟಿಯ ಕಾಡಂಚಿನ ಹಳ್ಳಿಯವರಿಗೆ ಇದು ದಿನವಿಡೀ ಹಿಡಿಯುವ ಓಡಾಟ, ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ಪರೀಕ್ಷೆ ಮುಂದಕ್ಕೆ ಹೋಗಲು ಇಷ್ಟು ಸಾಕು. ಮನೆಯಲ್ಲೇ ಐಎನ್‌ಆರ್ ಅಳೆಯುವ ಕೋಗುಚೆಕ್‌ನಂಥ ಅಂಗೈ ಯಂತ್ರ ನಿಜಕ್ಕೂ ಬೇಕಾಗಿರುವುದು ಇಂಥವರಿಗೇ.

ಯಂತ್ರಕ್ಕೆ ತೂರಿಸುವ ಸ್ಟ್ರಿಪ್‌ನಲ್ಲಿ ಥ್ರಾಂಬೋಪ್ಲಾಸ್ಟಿನ್ ಇರುತ್ತದೆ. ಬೆರಳಿನ ರಕ್ತ ಅದಕ್ಕೆ ತಾಗಿದೊಡನೆ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತದೆ. ಅದಕ್ಕೆ ಹಿಡಿದ ಸಮಯವನ್ನು ಯಂತ್ರ ಐಎನ್‌ಆರ್ ಆಗಿ ತೋರಿಸುತ್ತದೆ. ಈ ರಾಸಾಯನಿಕಕ್ಕೆ ಬಿಸಿಲೂ ತೇವವೂ ಆಗದು. ಕೋಗುಚೆಕ್ ಎಕ್ಸ್‌ಎಸ್ ಸ್ಟ್ರಿಪ್‌ಗಳನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು, ಪರೀಕ್ಷೆಯನ್ನು 18ರಿಂದ 32 ಡಿಗ್ರಿಯೊಳಗೆ ಮಾಡಬೇಕು. ಕೃಷ್ಣಗಿರಿಯ ಬೇಸಿಗೆ ಮಧ್ಯಾಹ್ನ ಈ ಮಿತಿ ದಾಟುತ್ತದೆ; ತಳಿಯ ಚಳಿಗಾಲದ ನಸುಕು ಅದಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ, ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಪರೀಕ್ಷಿಸುವುದು ಒಳ್ಳೆಯದು. ಡಬ್ಬಿಯಿಂದ ತೆಗೆದ ಸ್ಟ್ರಿಪ್ಪನ್ನು 10 ನಿಮಿಷದೊಳಗೆ ಬಳಸಿ, ಡಬ್ಬಿಯ ಮುಚ್ಚಳವನ್ನು ಆಗಲೇ ಬಿಗಿಯಬೇಕು.

ಕೈಯನ್ನು ಬೆಚ್ಚನೆಯ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಪೂರ್ತಿ ಒರೆಸಬೇಕು. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, 15 ಸೆಕೆಂಡಿನೊಳಗೆ ಮೊದಲ ಹನಿಯನ್ನೇ ಸ್ಟ್ರಿಪ್‌ಗೆ ಮುಟ್ಟಿಸಬೇಕು. ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಕೆಡುತ್ತದೆ. ಹನಿ ಸಾಲಲಿಲ್ಲವೆಂದು ಇನ್ನೊಂದು ಸೇರಿಸುವಂತಿಲ್ಲ. ಹೊಸ ಸ್ಟ್ರಿಪ್, ಬೇರೆ ಬೆರಳು. ಚುಚ್ಚುಸೂಜಿಯನ್ನು ಇನ್ನೊಬ್ಬರಿಗೆ ಎಂದೂ ಬಳಸಬಾರದು.

ಯಂತ್ರವೂ ತಪ್ಪುತ್ತದೆ. 2018ರಲ್ಲಿ ಅಮೆರಿಕದಲ್ಲಿ ಕೋಗುಚೆಕ್‌ನ ಲಕ್ಷಾಂತರ ಸ್ಟ್ರಿಪ್ ಪೊಟ್ಟಣಗಳನ್ನು ಹಿಂಪಡೆಯಲಾಯಿತು, 4.5ಕ್ಕಿಂತ ಮೇಲಿನ ಅಂಕಿಗಳು ನಂಬುವಂತಿರಲಿಲ್ಲ. ಹೀಗಾಗಿ ಆರಂಭದಲ್ಲೂ ಆಮೇಲೆ ಆಗಾಗಲೂ ಅದೇ ದಿನದ ಪ್ರಯೋಗಾಲಯದ ವರದಿಯೊಂದಿಗೆ ತಾಳೆ ನೋಡಬೇಕು. ಅನಿರೀಕ್ಷಿತವಾಗಿ ಏರಿದ ಅಂಕಿಯನ್ನು ರಕ್ತನಾಳದಿಂದ ರಕ್ತ ತೆಗೆಸಿ ಖಚಿತಪಡಿಸಿಕೊಳ್ಳಬೇಕು. ತೀವ್ರ ರಕ್ತಹೀನತೆಯಿದ್ದರೆ, ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿದ್ದರೆ ಯಂತ್ರವನ್ನು ನೆಚ್ಚುವಂತಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಬೇರೆ ಮಾತ್ರೆಗಳಾದ ಡಾಬಿಗಾಟ್ರಾನ್, ರಿವರೊಕ್ಸಬಾನ್‌ಗಳ ಪ್ರಮಾಣ ನೋಡಲು ಈ ಯಂತ್ರ ಅಲ್ಲವೇ ಅಲ್ಲ.

ಅಂಕಿ ನೋಡಿ ತಾವೇ ಮಾತ್ರೆ ಹೆಚ್ಚುಕಡಿಮೆ ಮಾಡುವುದು ಎಲ್ಲಕ್ಕಿಂತ ಅಪಾಯಕಾರಿ. ದಿನಾಂಕ, ಅಂಕಿ, ಮಾತ್ರೆಯ ಪ್ರಮಾಣ ಬರೆದಿಟ್ಟು ವೈದ್ಯರಿಗೆ ಹೇಳಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಐಎನ್‌ಆರ್ ಇಳಿಸುತ್ತದೆ. ಆದರೂ ನುಗ್ಗೆಸೊಪ್ಪು, ಬಸ್ಸಾರು ಬಿಡಬೇಕಿಲ್ಲ, ವಾರವಾರವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಿಂದರಾಯಿತು. ಜ್ವರವೆಂದು ಊರಿನ ಕ್ಲಿನಿಕ್ಕಿಗೆ ಹೋದಾಗ ಈ ಮಾತ್ರೆಯ ವಿಷಯ ಮೊದಲೇ ತಿಳಿಸಬೇಕು: ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನಿಂದ ಒಳಗೇ ರಕ್ತ ತುಂಬಿಕೊಳ್ಳಬಹುದು, ಕೆಲವು ಆಂಟಿಬಯೋಟಿಕ್‌ಗಳು ಐಎನ್‌ಆರ್ ಏರಿಸುತ್ತವೆ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಮಾತು ತೊದಲಿದರೆ ಯಂತ್ರದಲ್ಲಿ ಅಂಕಿ ಎಷ್ಟೇ ಇರಲಿ, 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.