ವಾಡೆಯ ಕಲಾಸಂಗ್ರಹಕ್ಕೆ ಪ್ರತಿಷ್ಠಾನ ಕಟ್ಟುವ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ವಾಡೆಗಳ ಪಡಸಾಲೆಗೆ ಹೋದರೆ ಗೋಡೆಯ ಮೇಲೆ ರವಿವರ್ಮ ಮುದ್ರಣಾಲಯದ ಪಟಗಳು, ಹಿರಿಯರ ತೈಲಚಿತ್ರಗಳು ಕಣ್ಣಿಗೆ ಬೀಳುತ್ತವೆ. ಗೋಕಾಕದ ಬಣ್ಣದ ಕಟ್ಟಿಗೆಯ ಹಣ್ಣು, ಗೊಂಬೆಗಳು ಗೂಡಿನಲ್ಲಿರುತ್ತವೆ. ಪಾರಿಜಾತದಾಟಕ್ಕೆ ಹೆಸರಾದ ಕುಲಗೋಡ, ಕೌಜಲಗಿಯ ಕಡೆ ಕಿರೀಟ, ಭುಜಕೀರ್ತಿಗಳೂ ಟ್ರಂಕಿನಲ್ಲಿ ಸಿಕ್ಕಾವು. ಒಂದು ಮನೆತನ ಇವನ್ನೆಲ್ಲ ಕೂಡಿಸಿ, ಅದೇ ಮನೆಯಲ್ಲಿ ನಾಲ್ಕು ಜನ ನೋಡುವಂತೆ ಇಡಬೇಕೆಂದರೆ ಏನು ಮಾಡಬೇಕು? ಗಾಜಿನ ಕಪಾಟು ಮಾಡಿಸುವ ಮುಂಚೆ ಒಡೆತನದ ಕಾಗದ ಸರಿಮಾಡಬೇಕು. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ.

ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ 1993ರಲ್ಲಿ, ಅವರ ಪತ್ನಿ, ನಟಿ ದೇವಿಕಾರಾಣಿ 1994ರಲ್ಲಿ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ 468 ಎಕರೆ ಜಮೀನು ವ್ಯಾಜ್ಯಕ್ಕೆ ಬಿತ್ತು. ರಾಜ್ಯ ಸರ್ಕಾರ 1996ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿ ಎಸ್ಟೇಟನ್ನು ವಶಕ್ಕೆ ಪಡೆಯಬೇಕಾಯಿತು. ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದಾಗ 2011 ಬಂದಿತ್ತು. ಅಷ್ಟು ದೊಡ್ಡ ಕಲಾವಿದನ ಮನೆಗೇ ಹೀಗಾಯಿತೆಂದರೆ, ನಾಲ್ಕು ಮಂದಿ ಅಣ್ಣತಮ್ಮಂದಿರ ನಡುವೆ ವಾಟ್ನಿಗೆ ಬಂದ ವಾಡೆಯ ಗತಿ ಏನು?

ಹಾಗಾಗಿ ಮನೆ ಯಾರ ಹೆಸರಿನಲ್ಲಿದೆ, ಉತಾರ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಪಿತ್ರಾರ್ಜಿತವಾದರೆ ಹಕ್ಕುದಾರರೆಲ್ಲರೂ ಒಪ್ಪಿ, ಮನೆಯನ್ನು ಪ್ರತಿಷ್ಠಾನಕ್ಕೆ ಕೊಡುವ ದಾನಪತ್ರಕ್ಕೆ ಸಹಿ ಮಾಡಬೇಕು. ಲಗ್ನವಾಗಿ ಹೋದ ಹೆಣ್ಣುಮಕ್ಕಳನ್ನು ಇಲ್ಲಿ ಮರೆಯುವವರೇ ಹೆಚ್ಚು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅವರಿಗೂ ಸಮಪಾಲಿದೆ. ಅವರ ಸಹಿ ಇಲ್ಲದ ದಾನಪತ್ರ ಮುಂದೊಂದು ದಿನ ಕೋರ್ಟಿಗೆ ಹೋಗುವುದು ಖಂಡಿತ.

ಬಳಿಕ ಪ್ರತಿಷ್ಠಾನ. ಸಾಮಾನ್ಯವಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳುವ ದಾರಿಯೂ ಇದೆ. ಆದರೆ ಸಂಘಕ್ಕೆ ಸದಸ್ಯರು, ಚುನಾವಣೆ, ಗುಂಪುಗಾರಿಕೆ ಎಲ್ಲ ಬರುತ್ತವೆ. ಮನೆತನದ ಸಂಗ್ರಹಕ್ಕೆ ಟ್ರಸ್ಟೇ ಲೇಸು ಎಂದು ನನ್ನ ಅಭಿಪ್ರಾಯ. ಡೀಡಿನಲ್ಲಿ ಮೂರು ಮಾತು ಸ್ಪಷ್ಟವಾಗಿರಲಿ: ವಸ್ತುಗಳನ್ನು ಮಾರುವಂತಿಲ್ಲ; ವಿಶ್ವಸ್ಥರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆತನದ ಹೊರಗಿನವರಾಗಿರಬೇಕು; ಟ್ರಸ್ಟ್ ನಡೆಸಲಾಗದಿದ್ದರೆ ಸಂಗ್ರಹವಿಡೀ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಬೆಳಗಾವಿ ಸೀಮೆಯವರಿಗೆ ಇದು ಹೊಸದೇನಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಶಿಕ್ಷಣಕ್ಕೆಂದು ಟ್ರಸ್ಟಿಗೆ ಬರೆದಿಟ್ಟರು. ಅವರ ಹೆಸರು ಇವತ್ತಿಗೂ ನಿಂತಿದೆ.

ಕಲಾವಸ್ತುಗಳಿಗೆ ಬೇರೊಂದು ಕಾನೂನೂ ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾತನ. ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ಅಂಥ ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳನ್ನು ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯಲ್ಲಿ ಫೋಟೋ ಸಮೇತ ನೋಂದಾಯಿಸಬೇಕು. ಕಳುವಾದಾಗ ಪೊಲೀಸರ ಮುಂದೆ ಇಡಲು ಇದಕ್ಕಿಂತ ಬಲವಾದ ದಾಖಲೆ ಇಲ್ಲ.

ಕಳವಿನ ಭಯ ಸುಮ್ಮನೆ ಹೇಳುವ ಮಾತಲ್ಲ. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದರು. ಪ್ರತಿಷ್ಠಾನ ನೋಡಿಕೊಳ್ಳುತ್ತಿದ್ದ, ನಾಡಿಗೇ ಗೊತ್ತಿದ್ದ ಮನೆಯದು.

ಅದಕ್ಕೇ ಮನೆಯಲ್ಲೂ ಒಂದು ರಿಜಿಸ್ಟರ್ ಇಡಬೇಕು. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರು, ಒಂದು ಸಾಲು ಬೇಕು: ಏನು, ಯಾವುದರಿಂದ ಮಾಡಿದ್ದು, ಅಳತೆ, ಯಾರಿಂದ ಬಂತು, ಎಲ್ಲಿ ಮುಕ್ಕಾಗಿದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ಬಟ್ಟೆಯ ವಸ್ತುವಾದರೆ ನಂಬರನ್ನು ಅದರ ಮೇಲೆಯೇ ಬರೆಯದೆ, ಹತ್ತಿಯ ಪಟ್ಟಿಯ ಮೇಲೆ ಬರೆದು ಅಂಚಿಗೆ ಹೊಲಿಯಬೇಕು. ಮನೆಯ ಅಜ್ಜಿಗೆ ನೆನಪಿರುವ ಸಂಗತಿ ಇದೇ ರಿಜಿಸ್ಟರಿಗೆ ಬರಲಿ. ಪಟದಲ್ಲಿರುವವರು ಯಾರು ಎಂದು ಹೇಳಬಲ್ಲವರು ಅವರೊಬ್ಬರೇ ಇರಬಹುದು.

ಇನ್ನು ಮನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದನ್ನು ಈ ಸೀಮೆ ಮರೆತಿಲ್ಲ. ಹಿಡಕಲ್ ಜಲಾಶಯದ ಕೆಳಗಿನ ಹೊಳೆದಂಡೆಯ ಊರುಗಳಲ್ಲಿ, ಹಿರಣ್ಯಕೇಶಿಯ ದಂಡೆಯ ಸಂಕೇಶ್ವರದಲ್ಲಿ ಸಂಗ್ರಹವನ್ನು ಮೇಲಿನ ಅಂತಸ್ತಿನಲ್ಲೇ ಇಡಬೇಕು. ಮಣ್ಣಿನ ಮಾಳಿಗೆಯಾದರೆ ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ದುರಸ್ತಿಯಾಗಲಿ. ಜಂತಿಗೆ ಗೆದ್ದಲು ಹಿಡಿದಿದೆಯೇ ನೋಡಲಿ. ಪಟವನ್ನು ಹೊರಗೋಡೆಗೆ ಅಂಟಿಸಿದಂತೆ ತೂಗುಹಾಕಬಾರದು. ಹಿಂದೆ ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ಕಾಗದ, ಬಟ್ಟೆ, ಜಲವರ್ಣಕ್ಕೆ 50 ಲಕ್ಸ್ ಬೆಳಕು ಸಾಕು, ತೈಲಚಿತ್ರಕ್ಕೆ 200ರ ಒಳಗೆ. ಲಕ್ಸ್ ಮೀಟರ್ ಅಗ್ಗದ್ದೇ; ಕಿಟಕಿಗೆ ಒಂದು ದಪ್ಪ ಖಾದಿ ಪರದೆ ಹಾಕಿದರೂ ಅರ್ಧ ಕೆಲಸವಾಗುತ್ತದೆ. ರೇಶ್ಮೆ, ಕೌದಿಗೆ ಹುಳು ಬಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಬಣ್ಣದ ಗೊಂಬೆಗೆ, ತೈಲಚಿತ್ರಕ್ಕೆ ಈ ಉಪಾಯ ಬೇಡ, ಬಣ್ಣ ಸಿಡಿಯುತ್ತದೆ. ಹಬ್ಬಕ್ಕೆಂದು ಹಳೆಯ ಗೊಂಬೆಗೆ ಹೊಸ ಬಣ್ಣ ಬಳಿಯುವುದಂತೂ ಬೇಡವೇ ಬೇಡ. ಒದ್ದೆ ಬಟ್ಟೆಯೂ ಬೇಡ, ಮೆತ್ತನೆಯ ಬ್ರಷ್ ಸಾಕು. ಕೆಟ್ಟ ಚಿತ್ರವನ್ನು ಊರಿನ ಪೇಂಟರ್ ಕೈಗೆ ಕೊಡದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರವನ್ನು ಕೇಳಿ.

ದುಡ್ಡಿನ ಲೆಕ್ಕವನ್ನು ಹೀಗೆ ಹಾಕಿ. ಕಾವಲುಗಾರ, ಕಸಗುಡಿಸುವವರು, ಅರ್ಧಹೊತ್ತಿನ ನೋಡಿಕೊಳ್ಳುವವರು, ಕರೆಂಟು ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 4.8 ಲಕ್ಷ. ಠೇವಣಿಗೆ ನೂರಕ್ಕೆ ಏಳರ ಬಡ್ಡಿ ಬಂದರೂ ಸುಮಾರು 70 ಲಕ್ಷದ ಮೂಲಧನ ಬೇಕು. ಅಷ್ಟಿಲ್ಲದಿದ್ದರೆ ಇಡೀ ವಾಡೆಯನ್ನು ತೆರೆಯುವ ಹಟ ಬಿಟ್ಟು ಎರಡು ಕೋಣೆ ತೆರೆಯಿರಿ, ವಾರಕ್ಕೆ ಎರಡು ದಿನ ಸಾಕು. ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿ ಮಾಡಿಸಿಕೊಂಡರೆ ದಾನಿಗಳಿಗೂ ಅನುಕೂಲ. ಮೂಲಧನಕ್ಕೆ ಎಂದು ಕೊಟ್ಟ ಹಣಕ್ಕೆ ದಾನಿಯಿಂದ ಹಾಗೆಂದೇ ಬರೆಸಿಕೊಳ್ಳಬೇಕು.

ಒಬ್ಬ ಬ್ಯಾಂಕ್ ನೌಕರ ಇದನ್ನೆಲ್ಲ ಸಾಧಿಸಿದ ಉದಾಹರಣೆ ಮಣಿಪಾಲದಲ್ಲಿದೆ. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ ವಿಜಯನಾಥ ಶೆಣೈ (1934–2017) ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು ತಂದು ಮನೆ ಕಟ್ಟಿದರು. ನೋಡಲು ಬರುವ ಜನ ಹೆಚ್ಚಾದಾಗ ಆ ಮನೆಯೇ ವಸ್ತುಸಂಗ್ರಹಾಲಯವಾಯಿತು. ಮುಂದೆ ಹಸ್ತಶಿಲ್ಪ ಟ್ರಸ್ಟ್ ಮೂಲಕ ಪಾರಂಪರಿಕ ಗ್ರಾಮವೇ ಎದ್ದು ನಿಂತಿತು. ಅಲ್ಲಿ ರವಿವರ್ಮ ಪಟಗಳಿವೆ. ಮೂಡಲಗಿಯಿಂದ ಹೆಚ್ಚು ದೂರವಿಲ್ಲದ ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಇದೆ. ನಮ್ಮ ಸೀಮೆಯದು ಕರಾವಳಿಗೆ ಹೋಗಿ ಉಳಿಯಿತು ಎಂಬುದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಮುಂದಿನದು ಇಲ್ಲಿಯೇ ಉಳಿಯಲಿ. ವಾಡೆ ಇರುವವರೇ, ವಕೀಲರ ಬಳಿ ಹೋಗುವ ಮುಂಚೆ ಈ ವಾರವೇ ಒಂದು ರಿಜಿಸ್ಟರ್ ತಂದು, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಲು ಶುರು ಮಾಡಿ.