ಒಂದು ವ್ಯವಸ್ಥೆಯ ತಂತ್ರಾಂಶ ಇನ್ನೊಂದರಲ್ಲಿ ನಡೆದೀತೆ?

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಗ್ಯಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ರೋಹಿತಮಾಪಕವೊಂದಿದೆ. ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವನ್ನು ಅದರ ಹರಳಿನ ಮುಂದಿಟ್ಟರೆ, ಜೋಡಿಸಿದ ಕಂಪ್ಯೂಟರಿನ ತೆರೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಏರಿ, 662 ಕಿಲೋ ಎಲೆಕ್ಟ್ರಾನ್‌ವೋಲ್ಟುಗಳ ಎಡೆಯಲ್ಲಿ ಶಿಖರವಾಗಿ ನಿಲ್ಲುವುದನ್ನು ವಿದ್ಯಾರ್ಥಿಗಳು ಬೆರಗಿನಿಂದ ನೋಡುವರು. ಕೆಲಕಾಲದ ಹಿಂದೆ ಆ ಕಂಪ್ಯೂಟರು ಕೆಟ್ಟಿತು. ಅದರಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ. ಹೊಸದಾಗಿ ಬಂದ ಕಂಪ್ಯೂಟರುಗಳಲ್ಲಿದ್ದುದು ಲಿನಕ್ಸ್. ಉಪಕರಣದೊಡನೆ ಬಂದ ತಂತ್ರಾಂಶವಾದರೋ ವಿಂಡೋಸಿಗಾಗಿಯೇ ರಚಿತವಾದುದು. ಮಾರಿದವರಿಗೆ ಎರಡು ಸಲ ಪತ್ರ ಬರೆದೆವು, ಉತ್ತರ ಬರಲಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನಾಲ್ಕು ತಿಂಗಳು ಶ್ರಮಿಸಿ ಕಲೆಹಾಕಿದ ಅಳತೆಗಳೆಲ್ಲ ಆ ತಂತ್ರಾಂಶವೊಂದೇ ಓದಬಲ್ಲ ಕಡತಗಳಲ್ಲಿದ್ದುವು. ಕಡತಗಳ ಪ್ರತಿ ನಮ್ಮಲ್ಲಿತ್ತು. ಓದುವ ಬಗೆ ಇರಲಿಲ್ಲ. ಪ್ರಬಂಧವನ್ನೊಪ್ಪಿಸಲು ಉಳಿದಿದ್ದುದು ಮೂರು ವಾರ.

ಇಲ್ಲಿ ವಾಚಕರಿಗೆ ಸಹಜವಾಗಿಯೇ ಒಂದು ಸಂಶಯ ಬರಬಹುದು. ಹಳೆಯ ಕಂಪ್ಯೂಟರಿನ ಪ್ರೊಸೆಸರೂ ಹೊಸದರ ಪ್ರೊಸೆಸರೂ ಒಂದೇ ಕುಲದವು. ಕೂಡು, ಕಳೆ, ಹೋಲಿಸು ಎಂಬ ಆಜ್ಞೆಗಳು ಎರಡಕ್ಕೂ ಸಮಾನವಾಗಿ ತಿಳಿಯುತ್ತವೆ. ಹಾಗಿದ್ದ ಮೇಲೆ ತಂತ್ರಾಂಶ ನಡೆಯಲು ಅಡ್ಡಿಯೇನು?

ತಂತ್ರಾಂಶವು ತಾನೇ ತಾನಾಗಿ ಕಡತವನ್ನು ಓದಲಾರದು; ತೆರೆಯ ಮೇಲೆ ಒಂದು ಗೆರೆಯನ್ನೂ ಎಳೆಯಲಾರದು. ಇವನ್ನೆಲ್ಲ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆ, ಮಾಡಿಕೊಡಬೇಕು. ಕೇಳಿಕೊಳ್ಳುವ ಕ್ರಮವಾದರೋ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಬಗೆ. ಕಡತವನ್ನು ತೆರೆಯಲು ವಿಂಡೋಸಿನಲ್ಲಿ 'ಕ್ರಿಯೇಟ್‌ಫೈಲ್' ಎನ್ನಬೇಕು, ಲಿನಕ್ಸಿನಲ್ಲಿ 'ಓಪನ್' ಎನ್ನಬೇಕು. (ಇರುವ ಕಡತವನ್ನು ತೆರೆಯುವುದಕ್ಕೆ 'ಸೃಷ್ಟಿಸು' ಎಂಬ ಹೆಸರನ್ನು ಇಟ್ಟವರು ಯಾರೋ!) ಅಲ್ಲಿ ಡಿಸ್ಕಿಗೆ 'ಸಿ', 'ಡಿ' ಎಂದು ಹೆಸರುಗಳುಂಟು, ಇಲ್ಲಿ ಎಲ್ಲವೂ ಒಂದೇ ಮರದ ಕೊಂಬೆಗಳು. ಅಷ್ಟೇಕೆ, ವಿಂಡೋಸ್ ತಂತ್ರಾಂಶದ ಕಡತ 'ಎಂ', 'ಜೆಡ್' ಎಂಬ ಎರಡು ಅಕ್ಷರಗಳಿಂದ ಮೊದಲಾಗುತ್ತದೆ. ಲಿನಕ್ಸಿನ ಕಡತದ ಆರಂಭದ ಗುರುತೇ ಬೇರೆ. ಹೊಸ್ತಿಲಲ್ಲಿಯೇ ಪರಿಚಯ ತಪ್ಪಿಹೋಗುತ್ತದೆ.

ಕಚೇರಿಯ ಮುಂದಿನ ಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುವವರನ್ನು ವಾಚಕರು ಕಂಡಿರಬಹುದು. ಹಳ್ಳಿಯಿಂದ ಬಂದವನು ತನ್ನ ಮಾತಿನಲ್ಲಿ ಹೇಳುವನು. ಬರೆಯುವವನು ಅದನ್ನು ಕಚೇರಿಗೆ ಒಪ್ಪುವ ನಮೂನೆಗೆ ತಿರುಗಿಸುವನು. ಬಂದ ಉತ್ತರವನ್ನು ಮತ್ತೆ ಅವನ ಮಾತಿನಲ್ಲಿ ತಿಳಿಸುವನು. 'ವೈನ್' ಎಂಬ ತಂತ್ರಾಂಶವು ಮಾಡುವುದು ಇದೇ ಕೆಲಸ. ಅದು ವಿಂಡೋಸ್ ತಂತ್ರಾಂಶವನ್ನು ಸ್ಮೃತಿಯೊಳಕ್ಕೆ ತಂದಿಟ್ಟು, ಅದು ಮಾಡುವ ಒಂದೊಂದು ಬೇಡಿಕೆಯನ್ನೂ ಲಿನಕ್ಸಿನ ಬೇಡಿಕೆಯಾಗಿ ಮಾರ್ಪಡಿಸುತ್ತದೆ. ಲೆಕ್ಕದ ಆಜ್ಞೆಗಳನ್ನು ಮುಟ್ಟುವುದೇ ಇಲ್ಲ. ಅವು ನೇರವಾಗಿ ಪ್ರೊಸೆಸರಿಗೆ ಹೋಗುತ್ತವೆ. ಆದುದರಿಂದ ವೇಗವು ಬಹುಮಟ್ಟಿಗೆ ಕುಗ್ಗುವುದಿಲ್ಲ. ವೈನ್ ಅನುಕರಣಯಂತ್ರವಲ್ಲ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು.

ಹೇಳಲು ಸುಲಭ, ಮಾಡಲು ಕಠಿನ. 1993ರಲ್ಲಿ ಮೊದಲಾಗಿ, 1994ರಲ್ಲಿ ಅಲೆಕ್ಸಾಂಡರ್ ಜೂಲಿಯಾರ್ ಅವರು ನೇತೃತ್ವ ವಹಿಸಿದ ಈ ಕಾರ್ಯದ 1.0 ಆವೃತ್ತಿ ಹೊರಬಂದುದು 2008ರ ಜೂನಿನಲ್ಲಿ. ಹದಿನೈದು ವರ್ಷಗಳು! ವಿಂಡೋಸ್ ಉತ್ತರಿಸುವ ಬೇಡಿಕೆಗಳು ಸಾವಿರಾರು. ಅವುಗಳಲ್ಲಿ ಕೆಲವು ಗ್ರಂಥಗಳಲ್ಲಿ ಬರೆದಂತೆ ವರ್ತಿಸುವುದಿಲ್ಲ. ಅಂತಹ ತಪ್ಪುಗಳನ್ನೇ ನಂಬಿ ರಚಿತವಾದ ತಂತ್ರಾಂಶಗಳೂ ಉಂಟು. ಆದ್ದರಿಂದ ತಪ್ಪನ್ನೂ ತಪ್ಪದೆ ನಕಲು ಮಾಡಬೇಕಾಗುತ್ತದೆ.

ನಾವು ವೈನನ್ನು ಅಳವಡಿಸಿ ಪರೀಕ್ಷಿಸಿದೆವು. ರೋಹಿತಮಾಪಕದ ತಂತ್ರಾಂಶವು ತೆರೆದುಕೊಂಡಿತು. ವಿಂಡೋಸಿನ ಅಕ್ಷರಮಾದರಿಗಳಿಲ್ಲದ ಕಾರಣ ಬರೆಹಗಳು ಗುಂಡಿಗಳ ಹೊರಗೆ ಚೆಲ್ಲಿದ್ದುವು. ಕಡತಗಳು ಮಾತ್ರ ಓದಿಬಂದುವು. ಆದರೆ ತೆರೆದುಕೊಂಡಿತೆಂಬುದರಿಂದಲೇ ಸರಿಯಾಗಿ ನಡೆಯಿತೆನ್ನಲಾಗದು. ವಿದ್ಯಾರ್ಥಿನಿಯ ಬಳಿ ಹಿಂದೆ ಮುದ್ರಿಸಿಕೊಂಡಿದ್ದ ಮೂರು ರೋಹಿತಗಳಿದ್ದುವು. ಅವನ್ನು ಸಂಖ್ಯೆ ಸಂಖ್ಯೆಯಾಗಿ ಹೋಲಿಸಿದೆವು. ಎಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಅಂದೇ ಸಂಜೆ ಎಲ್ಲ ಕಡತಗಳನ್ನೂ ಯಾವ ವ್ಯವಸ್ಥೆಯಲ್ಲಾದರೂ ಓದಲಾಗುವ ಸಾದಾ ಅಂಕಿಗಳ ರೂಪಕ್ಕೆ ತಿರುಗಿಸಿಟ್ಟೆವು. ಇದನ್ನು ಮೊದಲೇ ಏಕೆ ಮಾಡಿರಲಿಲ್ಲವೆಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಇನ್ನು ಅವಳು ತೆಗೆಯಬೇಕಾಗಿದ್ದ ಅಳತೆಗಳು ಎರಡಿದ್ದುವು. ಉಪಕರಣವನ್ನು ಜೋಡಿಸಿದೊಡನೆ ಕಾರ್ಯ ನಿಂತಿತು. ಉಪಕರಣದೊಡನೆ ಮಾತನಾಡುವ 'ಡ್ರೈವರ್' ಎಂಬ ಭಾಗವು ವಿಂಡೋಸಿನ ತಿರುಳಿನೊಳಗೇ ಕುಳಿತು ಕೆಲಸ ಮಾಡತಕ್ಕದ್ದು. ವೈನಿನಲ್ಲಿ ಆ ತಿರುಳಿಲ್ಲ. ಅರ್ಜಿ ಬರೆಯುವವನು ಕಚೇರಿಯೊಳಗಿನ ಕುರ್ಚಿಯನ್ನು ಕೊಡಿಸಬಲ್ಲನೆ?

ಆಗ ಉಳಿದ ಮಾರ್ಗವೆಂದರೆ ಕಚೇರಿಯನ್ನೇ ಕಟ್ಟಿಕೊಡುವುದು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಲ್ಪಿತ ಕಂಪ್ಯೂಟರನ್ನು ಸೃಷ್ಟಿಸಿ, ಅದರೊಳಗೆ ವಿಂಡೋಸನ್ನೇ ನೆಲೆಗೊಳಿಸುವ ಈ ವಿಧಾನಕ್ಕೆ 'ವರ್ಚುಯಲ್ ಮೆಷೀನ್' ಎಂದು ಹೆಸರು. ಇದು ಹೊಸದಲ್ಲ, ಐಬಿಎಂ ಸಂಸ್ಥೆಯವರು ಅಮೆರಿಕದ ಕೇಂಬ್ರಿಜ್ ನಗರದಲ್ಲಿ 1960ರ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. ಒಳಗಿನ ವ್ಯವಸ್ಥೆಯ ಸಾಮಾನ್ಯ ಆಜ್ಞೆಗಳು ನೇರವಾಗಿ ನಡೆಯುತ್ತವೆ; ಯಂತ್ರದ ಮೇಲೆ ಅಧಿಕಾರ ಚಲಾಯಿಸುವ ಆಜ್ಞೆ ಬಂದಾಗ ಮಾತ್ರ ಹೊರಗಿನ ತಂತ್ರಾಂಶವು ತಡೆದು, ಅದು ನಡೆದಂತೆ ತೋರಿಸುತ್ತದೆ. ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಅಂತಹ ಕೆಲವು ಆಜ್ಞೆಗಳು ತಡೆಗೆ ಸಿಕ್ಕದೆ ನುಸುಳುತ್ತಿದ್ದುವು. ವಿಎಂವೇರ್ ಸಂಸ್ಥೆಯವರು 1999ರಲ್ಲಿ ಅವನ್ನು ಆಗಲೇ ಹಿಡಿದು ಬದಲಿಸುವ ಉಪಾಯದಿಂದ ಈ ತೊಡಕನ್ನು ದಾಟಿದರು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಪ್ರೊಸೆಸರಿನಲ್ಲಿಯೇ ಅನುಕೂಲ ಕಲ್ಪಿಸಿದುವು. ಪ್ರೊಸೆಸರಿನ ಕುಲವೇ ಬೇರೆಯಾದರೆ ಲೆಕ್ಕದ ಆಜ್ಞೆಗಳನ್ನೂ ಅನುವಾದಿಸಬೇಕು. 2020ರಲ್ಲಿ ಆ್ಯಪಲ್ ಕಂಪ್ಯೂಟರುಗಳಲ್ಲಿ ಬಂದ 'ರೊಸೆಟಾ 2' ಆ ಬಗೆಯದು.

ಹಿಂದೆ ಹಣ ತೆತ್ತು ಕೊಂಡಿದ್ದ ಎಕ್ಸ್‌ಪಿಯ ತಟ್ಟೆ ನಮ್ಮ ಬೀರುವಿನಲ್ಲಿತ್ತು. 2014ರ ಏಪ್ರಿಲಿನಲ್ಲಿ ಅದರ ರಕ್ಷಣೆಯ ಪರಿಷ್ಕರಣಗಳು ನಿಂತುದರಿಂದ, ಕಲ್ಪಿತ ಯಂತ್ರಕ್ಕೆ ಅಂತರಜಾಲದ ಸಂಪರ್ಕವನ್ನು ಕೊಡಲಿಲ್ಲ. ಅದರೊಳಗಿನ ಗಡಿಯಾರ ತಪ್ಪಿ ನಡೆದೀತೆಂಬ ಇನ್ನೊಂದು ಶಂಕೆಯಿತ್ತು. ಆದರೆ ಎಣಿಕೆಯ ಕಾಲವನ್ನು ಅಳೆಯುವುದು ಉಪಕರಣದೊಳಗಿನ ಗಡಿಯಾರವೇ ಆದುದರಿಂದ ಭಯವಿರಲಿಲ್ಲ. ಸೋಡಿಯಂ-22ರ 511, ಕೋಬಾಲ್ಟ್-60ರ 1332, ಇವೆರಡು ಶಿಖರಗಳಿಂದ ಅಳತೆಗೋಲನ್ನು ಸ್ಥಿರಪಡಿಸಿ ಸೀಸಿಯಮ್ಮನ್ನು ಮುಂದಿಟ್ಟೆವು. ಶಿಖರವು 664ರಲ್ಲಿ ನಿಂತಿತು. ಹಳೆಯ ದಾಖಲೆ ಪುಸ್ತಕದಲ್ಲಿದ್ದುದು 663. ನಲವತ್ತಕ್ಕೂ ಮಿಕ್ಕಿ ಅಗಲವಿರುವ ಶಿಖರದಲ್ಲಿ ಆ ಒಂದರ ಅಂತರ ಗಣ್ಯವಲ್ಲ. ವಿದ್ಯಾರ್ಥಿನಿ ಉಳಿದ ಅಳತೆಗಳನ್ನು ಆ ವಾರದಲ್ಲಿಯೇ ಮುಗಿಸಿದಳು.